ಮೇಜಿನ ಮೇಲೊಂದು ದಾಳ: ಓದುಗರ ಪತ್ರಗಳಿಗೆ ಉತ್ತರ

ಹೋದ ಸಂಚಿಕೆಯಲ್ಲಿ ನಮ್ಮ ಮನೆಯ ಮಹಡಿ ಮೇಲೆ ಭಾನುವಾರ ನಡೆಯುವ ಆಟದ ಬಗ್ಗೆ ಒಂದು ಪುಟ ಬರೆದಿದ್ದೆ. ಇಷ್ಟು ಪತ್ರ ಬರುತ್ತವೆ ಅಂತ ಅಂದುಕೊಂಡಿರಲಿಲ್ಲ. ಅದನ್ನು ಓದದವರಿಗೆ ಚಿಕ್ಕದಾಗಿ ಹೇಳುತ್ತೇನೆ. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತೇವೆ. ಒಬ್ಬರು ಕತೆ ನಡೆಸುತ್ತಾರೆ, ಅವರು ಗೇಮ್ ಮಾಸ್ಟರ್. ಉಳಿದವರದು ಒಂದೊಂದು ಪಾತ್ರ. ಒಬ್ಬಳು ಕಳ್ಳಿ, ಒಬ್ಬ ಕತ್ತಿವೀರ, ಇನ್ನೊಬ್ಬ ಮಂತ್ರವಾದಿ. ‘ಮುಂದೆ ಸೇತುವೆ ಮುರಿದಿದೆ, ಏನು ಮಾಡುತ್ತೀರಿ?’ ಅಂತ ಮಾಸ್ಟರ್ ಕೇಳುತ್ತಾರೆ. ‘ಹಾರುತ್ತೇನೆ’ ಅಂದರೆ, ದಾಟಿದರೋ ಬಿದ್ದರೋ ಅನ್ನುವುದನ್ನು ದಾಳ ಹೇಳುತ್ತದೆ. ಇಂಥ ಆಟಗಳು ನೂರಾರಿವೆ. ಹೆಸರುವಾಸಿ ಆಗಿರುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ನಾವು ಆಡುವುದೂ ಅದನ್ನೇ.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಊರು ಕುಮಟಾ ಕಡೆ, ಇರುವುದು ಬೆಂಗಳೂರಿನಲ್ಲಿ. ಹತ್ತು ವರ್ಷದ ಮೇಲಾಯಿತು ಆಟ ನಡೆಸಲು ಶುರು ಮಾಡಿ. ಪಂಡಿತೆ ಅಲ್ಲ. ಮಾಡಿದ ತಪ್ಪುಗಳು ಮಾತ್ರ ಜಾಸ್ತಿ.

ದೊಡ್ಡ ದೊಡ್ಡ ಮೂರು ಪುಸ್ತಕ ಬೇಕಂತೆ. ಬೆಲೆ ನೋಡಿ ಸುಮ್ಮನಾದೆವು. ಹಾಸ್ಟೆಲ್ ಹುಡುಗರಿಗೆ ಅಗ್ಗದ ದಾರಿ ಇದೆಯಾ? ದಾಳ ಸಿಗದಿದ್ದರೆ ಚೌಕಾಬಾರದ ಕವಡೆ ನಡೆಯುತ್ತಾ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಶಿವಮೊಗ್ಗ

ಮೂರಲ್ಲ, ಶುರು ಮಾಡಲು ಒಂದು ಪುಸ್ತಕವೂ ಬೇಡ. ಈ ಆಟದ ಐದನೇ ಆವೃತ್ತಿಯ ಮೂಲ ನಿಯಮಗಳನ್ನು ಪ್ರಕಾಶಕರು ‘ಎಸ್‌ಆರ್‌ಡಿ 5.1’ ಎಂಬ ಹೆಸರಿನಲ್ಲಿ 2023ರ ಜನವರಿಯಲ್ಲಿ ಯಾರು ಬೇಕಾದರೂ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಕೊಟ್ಟು ಬಿಟ್ಟಿದ್ದಾರೆ. ದುಡ್ಡಿಲ್ಲದೆ ಇಳಿಸಿಕೊಳ್ಳಬಹುದು. ಸುಮಾರು 400 ಪುಟ ಇದೆ, ಹೆದರಬೇಡಿ. ಮೊದಲ ದಿನಕ್ಕೆ ಬೇಕಾಗಿರುವುದು ಒಂದೇ ಲೆಕ್ಕ. ಇಪ್ಪತ್ತು ಮುಖದ ದಾಳ ಹಾಕಿ, ನಿಮ್ಮ ಪಾತ್ರದ ಸಾಮರ್ಥ್ಯದ ಮಾಡಿಫೈಯರ್ (ಆ ಸಾಮರ್ಥ್ಯದಿಂದ ಬರುವ ಸಣ್ಣ ಅಂಕ) ಕೂಡಿಸಿ. ಮಾಸ್ಟರ್ ಮನಸ್ಸಿನಲ್ಲಿಟ್ಟುಕೊಂಡ ಸಂಖ್ಯೆ ಮುಟ್ಟಿದರೆ ಗೆದ್ದಿರಿ. ಸಾಧಾರಣ ಕಷ್ಟದ ಕೆಲಸಕ್ಕೆ ಆ ಸಂಖ್ಯೆ 15.

ಕವಡೆ ಬೇಡ. ಯಾಕೆ ಅಂತ ನಿಮಗೇ ಗೊತ್ತಿರಬೇಕು, ಆಡಿದವರಲ್ವಾ? ನಾಲ್ಕು ಕವಡೆ ಚೆಲ್ಲಿದರೆ ಎರಡು ಮೇಲೆ ಎರಡು ಕೆಳಗೆ ಬೀಳುವುದೇ ಹೆಚ್ಚು. ಕವಡೆ ಎರಡೂ ಕಡೆಗೆ ಸಮನಾಗಿ ಬೀಳುತ್ತದೆ ಅಂದುಕೊಂಡರೆ 16ರಲ್ಲಿ 6 ಸಲ ಹಾಗಾಗುತ್ತದೆ. ನಾಲ್ಕೂ ಬಾಯಿ ಮೇಲಾಗಿ ಬೀಳುವುದು 16ಕ್ಕೆ ಒಂದೇ ಸಲ. ಇಪ್ಪತ್ತು ಮುಖದ ದಾಳ ಹಾಗಲ್ಲ. ಒಂದೂ ಇಪ್ಪತ್ತೂ ಹನ್ನೊಂದೂ ಅದಕ್ಕೆ ಒಂದೇ.

ದಾಳ ಬರುವ ತನಕ ಹೀಗೆ ಮಾಡಿ. ಒಂದರಿಂದ ಇಪ್ಪತ್ತರವರೆಗೆ ಚೀಟಿ ಬರೆದು ಸ್ಟೀಲ್ ಲೋಟಕ್ಕೆ ಹಾಕಿ, ಕುಲುಕಿ, ಒಂದು ಎತ್ತಿ. ಎತ್ತಿದ ಚೀಟಿಯನ್ನು ವಾಪಸ್ ಲೋಟಕ್ಕೆ ಹಾಕಲು ಮರೆಯಬೇಡಿ. ನಮ್ಮ ಗುಂಪಿನಲ್ಲೊಬ್ಬ ಮರೆತ ಹಾಗೆ ಮಾಡಿ, ಸಣ್ಣ ಸಂಖ್ಯೆಗಳೆಲ್ಲ ಖಾಲಿಯಾದ ಮೇಲೆ ಡ್ರ್ಯಾಗನ್ ಮೇಲೆ ಬೀಳುತ್ತಿದ್ದ. ಫೋನಿನಲ್ಲೂ ದಾಳ ಹಾಕಬಹುದು. ಆದರೆ ಫೋನ್ ಕೈಗೆ ಬಂತು ಅಂದರೆ ವಾಟ್ಸ್ಆ್ಯಪ್ ತೆರೆಯಿತು ಅಂತಲೇ ಲೆಕ್ಕ.

ಮಗ ಪಿಯುಸಿ. ಶನಿವಾರ ಗೆಳೆಯರ ಜೊತೆ ಕೋಣೆ ಬಾಗಿಲು ಹಾಕಿಕೊಂಡು ಐದು ಗಂಟೆ ‘ಹೊಡಿ, ಕೊಲ್ಲು’ ಅಂತ ಕೂಗಾಡುತ್ತಾನೆ. ಅಮೆರಿಕದಲ್ಲಿ ಈ ಆಟದಿಂದ ಮಕ್ಕಳು ಹಾಳಾದರು ಅಂತ ಯಾರೋ ಹೇಳಿದರು. ನಿಜವೇ?
– ಒಬ್ಬ ತಾಯಿ, ಧಾರವಾಡ

ಅಮ್ಮಾ, ಆ ಗುಲ್ಲು ಎದ್ದದ್ದು ನಿಜ. 1979ರಲ್ಲಿ ಮಿಶಿಗನ್‌ನಲ್ಲಿ ಒಬ್ಬ ಕಾಲೇಜು ಹುಡುಗ ಕಾಣೆಯಾದ. ವಿಶ್ವವಿದ್ಯಾಲಯದ ನೆಲದಡಿಯ ಸುರಂಗಗಳಲ್ಲಿ ಈ ಆಟ ಆಡಲು ಹೋಗಿ ಸಿಕ್ಕಿಕೊಂಡಿದ್ದಾನೆ ಅಂತ ಪತ್ರಿಕೆಗಳು ಬರೆದವು. ಒಂದು ತಿಂಗಳಾದ ಮೇಲೆ ಬೇರೆ ರಾಜ್ಯದಲ್ಲಿ ಸಿಕ್ಕಿದ. ಅವನ ಸಂಕಟ ಬೇರೆಯೇ ಇತ್ತು, ಆಟಕ್ಕೂ ಅದಕ್ಕೂ ಸಂಬಂಧ ಇರಲಿಲ್ಲ. ಆದರೆ ಮಾತು ಹಬ್ಬಿತ್ತು. 1980ರ ದಶಕ ಪೂರ್ತಿ ಇದು ಸೈತಾನನ ಆಟ ಅಂತ ಅಲ್ಲಿ ಚಳವಳಿಯೇ ನಡೆಯಿತು. ಒಂದು ಮಗು ಸಂಕಟದಲ್ಲಿದ್ದಾಗ ಹತ್ತಿರದಲ್ಲಿ ಕಂಡದ್ದರ ಮೇಲೆ ತಪ್ಪು ಹಾಕುವುದು ಎಲ್ಲ ಊರಿನಲ್ಲೂ ಇದೆ.

ಐದು ಹುಡುಗರು ಫೋನ್ ಪಕ್ಕಕ್ಕಿಟ್ಟು ಐದು ಗಂಟೆ ಒಬ್ಬರಿಗೊಬ್ಬರು ಮಾತಾಡುತ್ತಿದ್ದಾರೆ. ನಾನಾಗಿದ್ದರೆ ಬಾಗಿಲು ತಟ್ಟುತ್ತಿರಲಿಲ್ಲ, ಗಿರ್ಮಿಟ್ ಮಾಡಿಕೊಂಡು ಒಳಗೆ ಹೋಗುತ್ತಿದ್ದೆ. ಒಂದು ಗಂಟೆ ಕೂತು ನೋಡಿ. ಯಾರು ಯಾರಿಗೆ ಕೂಗುತ್ತಿದ್ದಾರೆ, ಯಾಕೆ ಅಂತ ತಿಳಿಯುತ್ತದೆ. ಓದು ಹಿಂದೆ ಬಿದ್ದರೆ, ನಿದ್ದೆ ಕೆಟ್ಟರೆ ಬೈಯಿರಿ. ಅದು ಕ್ರಿಕೆಟ್ಟಿಗೂ ಒಂದೇ ಅಲ್ವಾ?

ಮೂರು ವಾರ ಕೂತು ಮೂವತ್ತು ಪುಟ ಕತೆ ಬರೆದೆ. ರಾಜಧಾನಿ, ಮಂತ್ರಿಯ ಸಂಚು, ಕೊನೆಗೆ ಯುದ್ಧ. ಮೊದಲ ಹತ್ತು ನಿಮಿಷದಲ್ಲೇ ಆಟಗಾರರು ರಾಜಧಾನಿಗೆ ಹೋಗುವುದಿಲ್ಲ ಅಂತ ಕಾಡಿನ ಕಡೆ ತಿರುಗಿದರು. ಅವರನ್ನು ದಾರಿಗೆ ತರುವುದು ಹೇಗೆ?
– ಹೊಸ ಗೇಮ್ ಮಾಸ್ಟರ್, ಹಾಸನ

ತರಬೇಡಿ. ಮೂವತ್ತು ಪುಟಕ್ಕೆ ನನ್ನ ಸಂತಾಪ. ನನ್ನದು ಹದಿನಾಲ್ಕು ಪುಟ ಇತ್ತು. ಒಂದು ಅರಮನೆ, ಅದರಲ್ಲಿ ಪ್ರತಿ ಕೋಣೆಯ ಪರದೆಯ ಬಣ್ಣ ಕೂಡ ಬರೆದಿದ್ದೆ. ನಮ್ಮವರು ಅರಮನೆ ಬಾಗಿಲಿನ ಎದುರು ಕುದುರೆಗೆ ಹುಲ್ಲು ಮಾರುವವಳನ್ನು ಮಾತಾಡಿಸಲು ನಿಂತರು. ಮೂರು ಗಂಟೆ ಅಲ್ಲೇ. ನಾನು ಮೊದಲು ಸಿಟ್ಟಾದೆ. ಆಮೇಲೆ ಬೇರೆ ದಾರಿ ಇಲ್ಲದೆ ಅವಳಿಗೊಂದು ಹೆಸರಿಟ್ಟೆ, ಕಳೆದುಹೋದ ಒಬ್ಬ ತಮ್ಮನನ್ನು ಕೊಟ್ಟೆ. ಒಂದು ವರ್ಷದ ಕತೆ ಆ ತಮ್ಮನ ಹಿಂದೆ ನಡೆಯಿತು. ಪರದೆಯ ಬಣ್ಣ ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ನಾನು ಚಿಕ್ಕವಳಿದ್ದಾಗ ನಮ್ಮೂರಲ್ಲಿ ಮಳೆಗಾಲ ಬಂದರೆ ತಾಳಮದ್ದಲೆ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹಾಡುತ್ತಾರೆ. ಅರ್ಥಧಾರಿಗಳು ಕೂತಲ್ಲೇ, ಆ ಕ್ಷಣಕ್ಕೆ ಹೊಳೆದ ಮಾತಿನಲ್ಲಿ ಪಾತ್ರ ನಡೆಸುತ್ತಾರೆ. ಎದುರಿನವರು ಏನು ಕೇಳುತ್ತಾರೆ ಅಂತ ಇವರಿಗೆ ಮೊದಲೇ ಗೊತ್ತಿರುವುದಿಲ್ಲ. ಮಾತಿಗೆ ಮಾತು ಬೆಳೆದು ಕೃಷ್ಣ ಕರ್ಣರು ಅರ್ಧ ರಾತ್ರಿ ವಾದ ಮಾಡಿದ್ದನ್ನು ಕೇಳಿದ್ದೇನೆ. ಭಾಗವತರು ಮಧ್ಯೆ ಬಾಯಿ ಹಾಕುವುದಿಲ್ಲ. ಮಾತು ಸೋರಲು ಶುರುವಾಯಿತು ಅನಿಸಿದಾಗ ಜಾಗಟೆ ಹಿಡಿದು ಮುಂದಿನ ಪದ ಎತ್ತುತ್ತಾರೆ. ಗೇಮ್ ಮಾಸ್ಟರ್ ಕೆಲಸ ನನಗೆ ಅರ್ಥವಾದದ್ದು ಇಂಗ್ಲಿಷ್ ಪುಸ್ತಕದಿಂದಲ್ಲ, ಭಾಗವತರ ಆ ಕೈಯಿಂದ. ಒಂದೇ ವ್ಯತ್ಯಾಸ. ತಾಳಮದ್ದಲೆಯಲ್ಲಿ ಕರ್ಣ ಕೊನೆಗೆ ಸಾಯಲೇಬೇಕು. ನಮ್ಮ ಮೇಜಿನಲ್ಲಿ ಅವನು ಬದುಕಬಹುದು.

ಈಗ ನನ್ನ ತಯಾರಿ ಹಳೇ ಕ್ಯಾಲೆಂಡರ್ ಹಾಳೆಯ ಹಿಂಬದಿ, ಅಷ್ಟೇ. ಮುಂದೇನಾಗುತ್ತದೆ ಅಂತ ಬರೆಯುವುದಿಲ್ಲ. ಯಾರಿಗೆ ಏನು ಬೇಕು ಅಂತ ಬರೆಯುತ್ತೇನೆ. ಹೋದ ತಿಂಗಳ ಹಾಳೆ ಹೀಗಿತ್ತು. ಒಂದು ಊರು, ಒಂದು ಕೆರೆ, ಏರಿಯಲ್ಲಿ ಬಿರುಕು. ಪಟೇಲನಿಗೆ ರಿಪೇರಿ ದುಡ್ಡು ತಿಂದದ್ದು ಹೊರಗೆ ಬರಬಾರದು. ನೀರಗಂಟಿಯ ಮಗಳಿಗೆ ತೂಬಿನ ಒಳಗಿಂದ ಯಾರೋ ಕರೆಯುವ ಸದ್ದು ಕೇಳುತ್ತದೆ, ಯಾರೂ ನಂಬುವುದಿಲ್ಲ. ತೂಬಿನ ಕೆಳಗೆ ಇರುವುದಕ್ಕೆ ಹೊರಗೆ ಬರಬೇಕು. ಯಾರೂ ಏನೂ ಮಾಡದಿದ್ದರೆ ಮೂರನೇ ರಾತ್ರಿ ಏರಿ ಒಡೆಯುತ್ತದೆ. ಮುಗಿಯಿತು. ಈಗ ಆಟಗಾರರು ಕಾಡಿಗೆ ಹೋಗಲಿ, ಸಂತೆಗೆ ಹೋಗಲಿ. ಹೋದಲ್ಲಿ ಮೂರನೇ ರಾತ್ರಿ ಸದ್ದು ಕೇಳುತ್ತದೆ, ಅಥವಾ ಒದ್ದೆ ಬಟ್ಟೆಯಲ್ಲಿ ಆ ಹುಡುಗಿ ಓಡಿ ಬರುತ್ತಾಳೆ.

ನಿಮ್ಮ ಮಂತ್ರಿಯ ಸಂಚು ಎಸೆಯಬೇಡಿ. ಮಂತ್ರಿಗೆ ಕಾಡಿನಲ್ಲಿ ಏನು ಬೇಕಿರಬಹುದು ಅಂತ ಯೋಚಿಸಿ. ತಕ್ಷಣ ಹೊಳೆಯದಿದ್ದರೆ ‘ಹತ್ತು ನಿಮಿಷ, ಕಾಫಿ’ ಅನ್ನಿ. ನಾನು ಈಗಲೂ ಅನ್ನುತ್ತೇನೆ. ನಮ್ಮ ಆಟಗಾರರಿಗೆ ನನಗೆ ಕಾಫಿ ಹುಚ್ಚು ಅಂತ ನಂಬಿಕೆ.

ನ್ಯೂಜೆರ್ಸಿಯಲ್ಲಿ ನಾವು ನಾಲ್ಕು ಕನ್ನಡ ಮನೆಯವರು ಸೇರಿ ಮಕ್ಕಳ ಜೊತೆ ಆಡುತ್ತೇವೆ. ಕನ್ನಡದಲ್ಲೇ ಆಡೋಣ ಅಂದರೆ ಸ್ಪೆಲ್, ಲೆವೆಲ್, ಫೈರ್‌ಬಾಲ್‌ಗಳಿಗೆ ಕನ್ನಡ ಪದ ಹುಡುಕುವುದರಲ್ಲೇ ಸಂಜೆ ಹೋಗುತ್ತದೆ. ಏನು ಮಾಡಲಿ?
– ಇಬ್ಬರು ಮಕ್ಕಳ ಅಪ್ಪ

ಹುಡುಕಬೇಡಿ. ಫೈರ್‌ಬಾಲ್ ಫೈರ್‌ಬಾಲ್ ಆಗಿಯೇ ಇರಲಿ. ‘ಅಗ್ನಿಗೋಲ’ ಅಂದರೆ ಟೀವಿಯ ಪೌರಾಣಿಕ ಧಾರಾವಾಹಿ ಆಗುತ್ತದೆ. ನಮ್ಮಲ್ಲಿ ‘ಇನಿಷಿಯೇಟಿವ್ ಹಾಕಿ’ (ಯಾರ ಸರದಿ ಮೊದಲು ಅನ್ನುವುದಕ್ಕೆ ದಾಳ), ‘ನನ್ನ ಎಚ್‌ಪಿ ಮೂರೇ ಉಳಿದಿರೋದು’ (ಹಿಟ್ ಪಾಯಿಂಟ್, ಪಾತ್ರ ಎಷ್ಟು ಏಟು ತಡೆಯುತ್ತದೆ ಅನ್ನುವ ಅಂಕ) ಅಂತಲೇ ಮಾತು. ಬಸ್ಸು, ಟಿಕೆಟ್ಟು ಒಳಗೆ ಬಂದ ಹಾಗೆ ಇವೂ ಬರುತ್ತವೆ. ಮಕ್ಕಳಿಗೆ ಬೇಕಾದ ಕನ್ನಡ ಬೇರೆ ಕಡೆ ಇದೆ. ಫೈರ್‌ಬಾಲ್‌ಗೆ ಎಷ್ಟು ಏಟು ಬಿತ್ತು ಅಂತ ತಿಳಿಯಲು ಆರು ಮುಖದ ಎಂಟು ದಾಳ ಹಾಕಬೇಕು. ಅದನ್ನು ಕನ್ನಡದಲ್ಲಿ ಎಣಿಸಲು ಬಿಡಿ. ಸರಾಸರಿ ಇಪ್ಪತ್ತೆಂಟು ಬರುತ್ತದೆ. ‘ಇಪ್ಪತ್ತೆಂಟು’ ಬಾಯಲ್ಲಿ ಕೂರುತ್ತದೆ.

ಇನ್ನೊಂದು ವಿಷಯ ಹೇಳಲೇಬೇಕು. ಕನ್ನಡದಲ್ಲಿ ಆಡಿದರೆ ಆಟವೇ ಬದಲಾಗುತ್ತದೆ. ಇಂಗ್ಲಿಷಿನಲ್ಲಿ ರಾಜನಿಗೂ ಗಾಬ್ಲಿನ್ ಎಂಬ ಕುಳ್ಳ ರಾಕ್ಷಸನಿಗೂ ಒಂದೇ ‘ಯು’. ನಮ್ಮಲ್ಲಿ ಬಾಯಿ ತೆರೆದ ತಕ್ಷಣ ನೀನು ಅನ್ನಬೇಕೋ ನೀವು ಅನ್ನಬೇಕೋ, ಅಣ್ಣ ಅನ್ನಬೇಕೋ ಲೋ ಅನ್ನಬೇಕೋ, ಆರಿಸಲೇಬೇಕು. ಒಂದು ಸಲ ನಮ್ಮವರು ಹೊಳೆ ದಾಟಬೇಕಿತ್ತು. ದೋಣಿ ಹತ್ತಿರ ಮುದುಕ ಅಂಬಿಗ ಕೂತಿದ್ದ, ಅಂದರೆ ನಾನು. ಕತ್ತಿವೀರನ ಪಾತ್ರದ ಹುಡುಗ ಶುರು ಮಾಡಿದ: ‘ಏಯ್, ದಾಟ್ಸೋ ನಮ್ಮನ್ನ.’

‘ಹುಟ್ಟು ಮುರಿದಿದೆ. ನಾಳೆ ಬನ್ನಿ’ ಅಂದೆ. ಹುಟ್ಟು ನನ್ನ ಕೈಯಲ್ಲೇ ಇತ್ತು. ಅಂದರೆ ಕೈಯಲ್ಲಿದ್ದದ್ದು ಪೆನ್ಸಿಲ್ಲು.

ಆಗ ಕ್ಲೆರಿಕ್, ಅಂದರೆ ಪೂಜಾರಿಯ ಪಾತ್ರದ ಹುಡುಗಿ, ಯಾವಾಗಲೂ ಮಾತೇ ಆಡದವಳು, ಮುಂದೆ ಬಂದಳು. ‘ಅಜ್ಜಾ, ಅವನ ಮಾತು ಮನಸ್ಸಿಗೆ ಹಚ್ಕೋಬೇಡಿ. ಬೆಳಗ್ಗಿಂದ ಊಟ ಆಗಿಲ್ಲ ಅವನಿಗೆ. ನಿಮ್ಮ ಊಟ ಆಯ್ತಾ?’

ಒಪ್ಪಿಸಲು ದಾಳದಲ್ಲಿ 15 ಬೇಕು ಅಂತ ನಾನು ಹಾಳೆಯಲ್ಲಿ ಬರೆದುಕೊಂಡಿದ್ದೆ. ದಾಳ ಕೇಳಲಿಲ್ಲ. ಊಟ ಆಯ್ತಾ ಅಂತ ಕೇಳಿದವಳನ್ನು ಯಾವ ಅಂಬಿಗ ದಡದಲ್ಲಿ ಬಿಟ್ಟು ಹೋಗುತ್ತಾನೆ? ಅನುಮಾನ ಇದ್ದರೆ ದಾಳ. ಅಲ್ಲಿ ಅನುಮಾನ ಇರಲಿಲ್ಲ. ನಿಮ್ಮ ಮಕ್ಕಳಿಗೆ ಅಜ್ಜ, ಅತ್ತೆ, ಭಾವ ಅಂತ ಕರೆಯುವ ಪಾತ್ರಗಳನ್ನು ಕೊಡಿ. ವ್ಯಾಕರಣ ತಾನಾಗಿ ಬರುತ್ತದೆ.

ಈ ಆಟ ಹುಟ್ಟಿದ್ದು ಎಲ್ಲಿ, ಯಾರಿಂದ?
– ನಿವೃತ್ತ ಶಿಕ್ಷಕರು, ತುಮಕೂರು

ಸರ್, 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಲ್ಲಿ ಮೊದಲು ಅಚ್ಚಾಯಿತು. ಬರೆದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಮೊದಲ ಮುದ್ರಣ ಸಾವಿರ ಪ್ರತಿ. ಪೆಟ್ಟಿಗೆಗೆ ಪುಸ್ತಕ ತುಂಬಿದ್ದೂ ಮನೆಯಲ್ಲೇ, ಕೈಯಲ್ಲೇ. ಆದರೆ ನನಗೆ ಇಷ್ಟವಾದ ಕತೆ ಅದಕ್ಕೂ ಐದು ವರ್ಷ ಹಿಂದಿನದು. ಮಿನೆಸೋಟದಲ್ಲಿ ಡೇವಿಡ್ ವೆಸ್ಲಿ ಎಂಬವರು ಸೈನ್ಯದ ಗೊಂಬೆಗಳನ್ನಿಟ್ಟು ಯುದ್ಧದ ಆಟ ನಡೆಸುತ್ತಿದ್ದರು. ಒಂದು ಸಲ ಇಬ್ಬರು ಸೇನಾಪತಿಗಳ ಜೊತೆ ಉಳಿದವರಿಗೂ ಊರಿನ ಮೇಯರ್, ವಿದ್ಯಾರ್ಥಿ ಅಂತ ಪಾತ್ರ ಹಂಚಿದರು. ಎಲ್ಲರೂ ಯುದ್ಧ ಬಿಟ್ಟು ಮೂಲೆ ಮೂಲೆಯಲ್ಲಿ ಗುಸುಗುಸು ಶುರು ಮಾಡಿದರು. ಆಟ ಕೆಟ್ಟುಹೋಯಿತು ಅಂತ ವೆಸ್ಲಿ ಅಂದುಕೊಂಡರು. ಆಡಿದವರು ಮಾತ್ರ ಇನ್ನೊಂದು ಸಲ ಆಡಿಸಿ ಅಂತ ಬೆನ್ನು ಹತ್ತಿದರು. ಆರ್ನೆಸನ್ ಆ ಗುಂಪಿನವರೇ. ಹಾಸನದವರು ಇದನ್ನು ಓದಲಿ.

ನಮ್ಮಲ್ಲೊಬ್ಬ ಎಲ್ಲದಕ್ಕೂ ನಿಯಮ ತೆಗೆಯುತ್ತಾನೆ. ‘ಪುಟ ಇಂತಿಷ್ಟರಲ್ಲಿ ಹೀಗಿದೆ’ ಅಂತ ಅರ್ಧ ಗಂಟೆ ವಾದ.
– ಮಂಗಳೂರು

ಎರಡು ನಿಮಿಷ ಕೊಡಿ. ಅಷ್ಟರಲ್ಲಿ ಪುಟ ಸಿಕ್ಕದಿದ್ದರೆ ಇವತ್ತಿಗೆ ಮಾಸ್ಟರ್ ಹೇಳಿದ್ದೇ ನಿಯಮ, ಆಟ ಮುಗಿದ ಮೇಲೆ ಹುಡುಕೋಣ ಅನ್ನಿ. ಅವನಿಗೇ ಪುಸ್ತಕ ಹಿಡಿಯುವ ಕೆಲಸ ಕೊಡಿ. ನಮ್ಮಲ್ಲಿಯೂ ಇಂಥವರೊಬ್ಬರು ಇದ್ದಾರೆ, ವೃತ್ತಿಯಲ್ಲಿ ಆಡಿಟರ್. ಈಗ ಅವರಿಲ್ಲದೆ ನನಗೆ ಕೈ ಕಟ್ಟಿದ ಹಾಗಾಗುತ್ತದೆ.

ಮಗಳಿಗೆ ಹತ್ತು ವರ್ಷ. ಮೊದಲ ದಿನವೇ ಅವಳ ಪಾತ್ರ ಸತ್ತುಹೋಯಿತು, ರಾತ್ರಿಯೆಲ್ಲ ಅತ್ತಳು. ಮಾಸ್ಟರ್ ಎದುರಿಗಿಟ್ಟುಕೊಳ್ಳುವ ಪರದೆ ಹಿಂದೆ ದಾಳ ಹಾಕಿ ಸುಳ್ಳು ಸಂಖ್ಯೆ ಹೇಳಿದ್ದರೆ ಉಳಿಸಬಹುದಿತ್ತು. ಹೇಳಬೇಕಿತ್ತಾ?
– ಅಪ್ಪ ಮತ್ತು ಗೇಮ್ ಮಾಸ್ಟರ್, ಬೆಂಗಳೂರು

ನನ್ನ ಮೊದಲ ದಿನದ ಕತೆ ಕೇಳಿ. 2015ರ ಮಳೆಗಾಲ. ನಾಲ್ವರು ಆಟಗಾರರು, ಎಲ್ಲರೂ ಮೊದಲ ಲೆವೆಲ್. ನಾಲ್ವರ ಎಚ್‌ಪಿ ಕೂಡಿಸಿದರೆ 39. ನಾನು ಪೊದೆಯ ಹಿಂದಿನಿಂದ ಎಂಟು ಗಾಬ್ಲಿನ್ ಬಿಟ್ಟೆ. ಸಣ್ಣ ಪ್ರಾಣಿಗಳು, ಒಂದೊಂದಕ್ಕೆ ಏಳೇ ಎಚ್‌ಪಿ, ಏನು ಮಹಾ ಅಂತ. ನಲವತ್ತು ನಿಮಿಷದಲ್ಲಿ ನಾಲ್ವರೂ ನೆಲಕ್ಕೆ. ಎಲ್ಲರೂ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋದರು. ನಾನು ರಾತ್ರಿ ಕೂತು ಬ್ಯಾಂಕಿನವಳ ಹಾಗೆ ಲೆಕ್ಕ ಹಾಕಿದೆ. ಗಾಬ್ಲಿನ್ ಹೊಡೆಯುವಾಗ ದಾಳಕ್ಕೆ 4 ಸೇರುತ್ತದೆ. ಎದುರಿಗಿರುವವರ ಆರ್ಮರ್ ಕ್ಲಾಸ್ (ಏಟು ತಗಲಲು ಮುಟ್ಟಬೇಕಾದ ಸಂಖ್ಯೆ) 14 ಅಂದರೆ 20ರಲ್ಲಿ 11 ಸಲ ಏಟು ತಗಲುತ್ತದೆ. ಒಂದು ಏಟಿಗೆ ಸರಾಸರಿ ಐದೂವರೆ. ಎಂಟು ಗಾಬ್ಲಿನ್‌ಗೆ ಒಂದು ಸುತ್ತಿನಲ್ಲಿ ಸುಮಾರು 24. ಎರಡು ಸುತ್ತಿಗೆ 48. ನಮ್ಮವರ ಹತ್ತಿರ ಇದ್ದದ್ದು 39. ದಾಳದ ತಪ್ಪಲ್ಲ, ನನ್ನ ತಪ್ಪು. ಎಂಟು ಕೈ ಹೊಡೆಯುವಾಗ ನಾಲ್ಕು ಕೈ ಏನು ಮಾಡೀತು?

ಅದಕ್ಕೇ ಹೇಳುತ್ತೇನೆ, ಸುಳ್ಳು ಹೇಳಬೇಡಿ. ಹತ್ತು ವರ್ಷದ ಮಕ್ಕಳಿಗೆ ಅಪ್ಪನ ಮುಖ ಓದಲು ಬರುತ್ತದೆ. ಒಮ್ಮೆ ಸಿಕ್ಕಿಬಿದ್ದರೆ ಆಮೇಲೆ ಅವಳು ನಿಜವಾಗಿ ಗೆದ್ದಾಗಲೂ ಅನುಮಾನ ಪಡುತ್ತಾಳೆ. ನಾನು ಪರದೆ ತೆಗೆದು ವರ್ಷಗಳಾದವು, ಎಲ್ಲರೆದುರೇ ಹಾಕುತ್ತೇನೆ. ಮೆದುಗೊಳಿಸುವುದಿದ್ದರೆ ದಾಳ ಹಾಕುವ ಮೊದಲು ಮಾಡಿ. ಎಂಟು ಗಾಬ್ಲಿನ್ ಬದಲು ಮೂರು ಇಡಿ. ಎರಡು ಸತ್ತ ಮೇಲೆ ಮೂರನೆಯದು ಓಡಿಹೋಗಲಿ, ಅದಕ್ಕೂ ಜೀವ ಇಲ್ವಾ? ಮಕ್ಕಳ ಆಟದಲ್ಲಿ ಸೋತರೆ ಸಾವಲ್ಲ, ಸೆರೆ ಅಂತ ಮೊದಲೇ ಎಲ್ಲರಿಗೂ ಹೇಳಿಬಿಡಿ.

ಇನ್ನೊಂದು. ಐದನೇ ಆವೃತ್ತಿಯಲ್ಲಿ ಎಚ್‌ಪಿ ಸೊನ್ನೆಯಾದ ಮಾತ್ರಕ್ಕೆ ಪಾತ್ರ ಸಾಯುವುದಿಲ್ಲ, ಗೊತ್ತಲ್ವಾ? ಪ್ರತಿ ಸುತ್ತಿಗೆ ಒಂದು ದಾಳ. ಹತ್ತು ಅಥವಾ ಮೇಲೆ ಬಂದರೆ ಒಂದು ಗೆಲುವು, ಕೆಳಗೆ ಬಂದರೆ ಒಂದು ಸೋಲು. ಮೂರು ಸೋಲಿಗಿಂತ ಮುಂಚೆ ಮೂರು ಗೆಲುವು ಬಂದರೆ ಬಚಾವ್. ಯಾರಾದರೂ ಮದ್ದು ಕುಡಿಸಿದರೆ ಆಗಲೇ ಎದ್ದು ಕೂರುತ್ತಾರೆ. ಹೊಸಬರು ಸೊನ್ನೆ ಕಂಡ ತಕ್ಷಣ ಸತ್ತರು ಅಂತ ಹಾಳೆ ಹರಿಯುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ನಿಮ್ಮಲ್ಲೂ ಹಾಗೇ ಆಗಿದ್ದರೆ ಮಗಳಿಗೆ ‘ಅಪ್ಪನಿಗೆ ನಿಯಮ ಗೊತ್ತಿರಲಿಲ್ಲ ಪುಟ್ಟಾ’ ಅಂತ ಹೇಳಿ, ಉಳಿದ ದಾಳಗಳನ್ನು ಅವಳ ಕೈಯಿಂದಲೇ ಹಾಕಿಸಿ. ಅದು ಸುಳ್ಳಲ್ಲ.

ದಾಳ ಉರುಳಿ ಸೋಫಾ ಕೆಳಗೆ ಹೋಯಿತು. ಇಣುಕಿ ನೋಡಿದರೆ ಇಪ್ಪತ್ತು! ಲೆಕ್ಕಕ್ಕೆ ಬರುತ್ತಾ?
– ಮೂವರು ಅಕ್ಕತಂಗಿಯರು, ದಾವಣಗೆರೆ

ಬರಲ್ಲ. ಮತ್ತೆ ಹಾಕಿ. ಯಾರು ಇಣುಕಿದ್ದು ಅಂತ ನೀವು ಬರೆದಿಲ್ಲ, ದಾಳ ಹಾಕಿದವರೇ ಇರಬೇಕು. ನಾವು ಅಡುಗೆಮನೆಯ ಅಂಚು ಎತ್ತರದ ಪರಾತದೊಳಗೆ ಹಾಕುತ್ತೇವೆ. ಮೊದಲು ಬರೀ ಸ್ಟೀಲ್ ಮೇಲೆ ಹಾಕುತ್ತಿದ್ದೆವು. ಕೆಳಗಿನ ಮನೆಯವರು ಎರಡು ಸಲ ಬಂದು, ‘ಮೇಡಂ, ಮಧ್ಯಾಹ್ನ ಮೂರು ಗಂಟೆಗೆ ಅಷ್ಟೊಂದು ಪಾತ್ರೆ ಯಾರು ತೊಳೀತಾರೆ?’ ಅಂತ ಕೇಳಿದರು. ಈಗ ತಳಕ್ಕೆ ಹಳೇ ಟವೆಲ್ ಹಾಸಿದ್ದೇವೆ.